ಅಟ್ಟದ ಮೇಲಿನ ಕೋಲು

ಸೇತುವೆ ದಾಟುತ್ತಲೇ ತೊಲ್ಕುನ್ ಕಾರು ನಿಲ್ಲಿಸಿ ಇಳಿದ. ಸಾವಿನ ಮನೆಗೆ ಗಂಡಸರು ಸದ್ದಿಲ್ಲದೆ ಹೋಗುವಂತಿಲ್ಲ. ಸತ್ತವನನ್ನು ದೂರದಿಂದಲೇ ಕೂಗುತ್ತ ಓಡಬೇಕು. ಏನೆಂದು ಕೂಗುತ್ತಾರೋ ಅದೇ ಸಂಬಂಧ.

ನೆರೆಮನೆಯ ಮುದುಕ ಮಂಬೆತ್ ಬಂದವರ ಕುದುರೆಗಳನ್ನು ಸೇತುವೆಯ ಪಕ್ಕದ ಬೇಲಿಗೆ ಕಟ್ಟುತ್ತಿದ್ದ.

"ಬಂದ್ಯಾ? ಬಿಷ್ಕೆಕ್ ಪಟ್ಟಣದ ಬೂಟಿಗೆ ಕೊನೆಗೂ ನಮ್ಮೂರ ಕೆಸರು ಮೆತ್ತಿಕೊಳ್ತು ನೋಡು."

"ಹೇಗಾಯ್ತು, ತಾತ?"

"ಹಾಲಿನ ಲಾರಿ ಸ್ಟಾರ್ಟ್ ಮಾಡಿದೋನು ಹಾಗೇ ಸ್ಟಿಯರಿಂಗ್ ಮೇಲೆ ಒರಗಿಬಿಟ್ಟ. ಈ ಹೆಂಗಸರು ಕ್ಯಾನು ಹಿಡ್ಕೊಂಡು, ಇವತ್ತೂ ತಡ ಮಾಡ್ದ ಅಂತ ಬಯ್ಕೊಂಡು ನಿಂತಿದ್ರು, ಪಾಪ." ಮುದುಕ ದನಿ ತಗ್ಗಿಸಿದ. "ಅದಿರ್ಲಿ, ಏನಂತ ಕೂಗ್ತೀಯೋ? ಅಣ್ಣ ಅಂತ್ಲೋ, ಅಪ್ಪ ಅಂತ್ಲೋ? ಅಂಗಳದಲ್ಲಿ ಎಲ್ರೂ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿದಾರೆ."

ತೊಲ್ಕುನ್‌ಗೇ ಗೊತ್ತಿರಲಿಲ್ಲ. ಅವನು ತೀರಿಕೊಂಡ ಸಾಪರ್‌ಬೆಕ್‌ನ ಚೊಚ್ಚಲ ಮಗ. ಚೊಚ್ಚಲ ಕೂಸು ಅಜ್ಜ ಅಜ್ಜಿಯ ಪಾಲು, ಆ ಊರಿನ ಎಲ್ಲರ ಮನೆಯಲ್ಲಿದ್ದಂತೆಯೇ. ಅವರನ್ನೇ ಅಪ್ಪ, ಅಮ್ಮ ಎಂದುಕೊಂಡು ಬೆಳೆದ, ಹೆತ್ತವನು ಅಣ್ಣನಾದ.

*

ಅಜ್ಜ ತೀರಿಕೊಂಡಾಗ ಅವನಿಗೆ ಹನ್ನೊಂದು ವರ್ಷ. ಹೆಣ ಮಲಗಿಸಲು ಅಂಗಳದಲ್ಲಿ ಹಾಕಿದ ಗುಡಾರದ ಹೊರಗೆ ಗಂಡುಮಕ್ಕಳು ಕೋಲಿಗೆ ಬಾಗಿ ಅಳಬೇಕು. ಸಾಪರ್‌ಬೆಕ್ ಹೊಳೆದಂಡೆಯಿಂದ ವಿಲೋ ಮರದ ಕೊಂಬೆ ಕಡಿದು ತಂದ. ಹುಡುಗನ ಎದೆಗೆ ಹಿಡಿದು ಅಳತೆ ನೋಡಿದ. ಕೈಗೆ ಚುಚ್ಚದಂತೆ ತೊಗಟೆಯನ್ನೆಲ್ಲ ಸುಲಿದ. ಆಮೇಲೆ ಇಬ್ಬರೂ ಪಕ್ಕಪಕ್ಕ ನಿಂತು, ಗುಡಾರದೊಳಗೆ ಮಲಗಿದ್ದ ಒಬ್ಬನೇ ಮುದುಕನನ್ನು "ಅಪ್ಪಾ, ನನ್ನ ಬೆಟ್ಟದಂಥ ಅಪ್ಪಾ" ಎಂದು ಕೂಗಿದರು.

ಮಣ್ಣು ಮಾಡಿ ಬಂದ ಮೇಲೆ ಸಾಪರ್‌ಬೆಕ್ ಲಾರಿಯ ಬಾಗಿಲು ತೆರೆದ.

"ನಮ್ಮನೇಗೆ ಬಂದ್ಬಿಡ್ತೀಯೇನೋ? ಲಾರಿ ಓಡ್ಸೋದು ಕಲಿಸ್ತೀನಿ."

ಹುಡುಗ ಸ್ಟಿಯರಿಂಗ್ ನೋಡಿದ. ಆಮೇಲೆ, ಒಲೆಯ ಮುಂದೆ ಕೂತಿದ್ದ ಮುದುಕಿಯನ್ನು.

"ಅಮ್ಮ ಒಬ್ಳೇ ಆಗ್ತಾಳಲ್ಲ, ಅಣ್ಣ."

"ಹೌದಲ್ವಾ. ಅದೂ ಸರೀನೇ."

ಲಾರಿಯ ಬಾಗಿಲು ಎರಡು ಸಲ ಎಳೆದರೂ ಮುಚ್ಚಲಿಲ್ಲ. ಸಾಪರ್‌ಬೆಕ್ ಮತ್ತೆಂದೂ ಕೇಳಲಿಲ್ಲ. ಬೆಳಿಗ್ಗೆ ಹಾಲಿಗೆ ಬಂದಾಗ ಅಜ್ಜಿಯ ಮನೆಯ ಮುಂದೆ ಮಾತ್ರ ಹಾರ್ನ್ ಒಂದು ಸಲ ಹೆಚ್ಚು ಬಾರಿಸುತ್ತಿದ್ದ.

*

ತೊಲ್ಕುನ್ ಓಡತೊಡಗಿದ. ಬಾಯಿ ರೂಢಿಯಂತೆ "ಅಣ್ಣಾ" ಎನ್ನಲು ತೆರೆದುಕೊಂಡಿತ್ತು. ಮನೆಯ ಬೇಲಿಯ ಪಕ್ಕ ಲಾರಿ ನಿಂತಿತ್ತು. ಅದರ ಬಾಗಿಲು ಇನ್ನೂ ಸರಿಯಾಗಿ ಮುಚ್ಚಿರಲಿಲ್ಲ.

"ಅಪ್ಪಾ!"

ಅಂಗಳದ ಗುಡಾರದ ಮುಂದೆ ಕೋಲು ಹಿಡಿದು ನಿಂತಿದ್ದವರಲ್ಲಿ ಮೊದಲನೆಯವನು ಸಾಪರ್‌ಬೆಕ್‌ನ ಎರಡನೆಯ ಮಗ ಎಲ್ದಿಯಾರ್. ತೊಲ್ಕುನ್‌ನನ್ನು ಹುಟ್ಟಿದಾಗಿನಿಂದ ಚಿಕ್ಕಪ್ಪ ಎಂದೇ ಕರೆದವನು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಹಳೆಯ ಕೋಲು ಚಾಚಿದ.

"ಇಲ್ಲಿ ನಿಂತ್ಕೋ, ಅಣ್ಣ. ನಿಂಗೂ ಒಂದು ಹೊಸದು ಕಡೀಬೇಕು ಅಂತಿದ್ವಿ. ಬೇಡ, ಅಟ್ಟದ ಮೇಲೆ ಒಂದಿದೆ ಅಂತ ಅಮ್ಮ ಇದನ್ನ ತೆಗ್ಸಿದ್ಲು. ಅಪ್ಪ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ವಂತೆ."

ತೊಗಟೆ ಸುಲಿದ ವಿಲೋ ಕೋಲು ಹೊಗೆ ಹಿಡಿದು ಕಂದಾಗಿತ್ತು. ಅದು ಈಗ ಅವನ ಸೊಂಟದವರೆಗಷ್ಟೇ ಬರುತ್ತಿತ್ತು. ಊರಿ ನಿಲ್ಲಲು ತೊಲ್ಕುನ್ ಬಾಗಿದ. ತಮ್ಮಂದಿರಿಗಿಂತ ಕೆಳಗೆ, ಇನ್ನೂ ಕೆಳಗೆ, ಹನ್ನೊಂದರ ಹುಡುಗನ ಎತ್ತರಕ್ಕೆ ಬರುವವರೆಗೆ.