ವೀರಬಸಪ್ಪನವರು ತಡೆದಿಟ್ಟದ್ದು

ರೋಜಾ ಬಿಲ್ವಪತ್ರೆಯನ್ನು ಕಡ್ಡಿಯಿಂದ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳಿಗೂ ಅದೇ ಬೇಕಿತ್ತು. ಪಡಸಾಲೆಯಲ್ಲಿ ವೀರಬಸಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಕನ್ನಡಕ ತೆಗೆದಿದ್ದರಿಂದ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು.

ಬೀದಿಗಿದ್ದ ಮುಂದಿನ ಕೋಣೆಯೇ ಅವರ ಅಂಗಡಿ: ಒಂದು ಎಸ್‌ಟಿಡಿ ಬೂತು, ಒಂದು ಕಂಪ್ಯೂಟರು. ಬೆಳಿಗ್ಗೆ ಕೆಲಸಕ್ಕೆ ಬಂದವಳೇ ರೋಜಾ ಎಂದಿನಂತೆ ಶಿವಮೊಗ್ಗಕ್ಕೆ ಫೋನ್ ಲೈನ್ ಹಚ್ಚಿ ಊರಿನವರ ಇ-ಮೇಲ್ ಇಳಿಸಿದ್ದಳು. ಒಳಗಿನಿಂದ ಅಳು ಕೇಳಿಸಿದ್ದು ಆಮೇಲೆ.

"ನಿದ್ದಿಗಣ್ಣಾಗೇ ಹೋಗ್ಯಾನೆ, ಪುಣ್ಯವಂತ," ಎಂದ ನೆರೆಮನೆಯ ಚಿಕ್ಕಬೀರಪ್ಪ. "ತಂತಿ ಆಫೀಸ್ನಾಗಿದ್ದಾಗ ಇವನ ಸೈಕಲ್ ಕಂಡ್ರೆ, ಸಾವಿನ ಸುದ್ದಿ ತಂದಾನೇನೋ ಅಂತ ಶಿಕಾರಿಪುರದ ಮಂದಿ ಬಾಗ್ಲು ಹಾಕ್ಕಳ್ಳೋರು."

"ರಿಟೈರಾದ್ಮೇಲೆ ಸುಮ್ನೆ ಕೂತ್ರಾ? ಈ ಕಂಪ್ಯೂಟರ್ ಡಬ್ಬಿ ತಂದಿಟ್ಕಂಡ್ರು," ಎಂದು ಮಗ ಮಲ್ಲಿಕಾರ್ಜುನ್ ಕಣ್ಣೊರೆಸಿಕೊಂಡ.

ತಾಳಗುಂದದ ವರದಮ್ಮ ಬಂದು ಪಾದ ಮುಟ್ಟಿ, ರೋಜಾಳ ಪಕ್ಕ ಕುಳಿತಳು. ಅವಳ ಗಂಡ ಲೋಕಪ್ಪ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದ.

"ಈ ಹೊತ್ನಾಗ ಕೇಳಬಾರ್ದು ಕಣವ್ವಾ. ನಮ್ಮೋರದ್ದು ಏನರ ಬಂತಾ?"

"ಅವರ ಪೆಟ್ಟಿಗೇಲಿ ಏನಿಲ್ಲಕ್ಕ," ಎಂದಳು ರೋಜಾ. ಅದು ಸುಳ್ಳಾಗಿರಲಿಲ್ಲ.

\*\*\*

ಊರಿಗೆಲ್ಲ ಒಂದೇ ವಿಳಾಸ. ಬಂದ ಮೇಲ್‌ಗಳನ್ನು ಕಂಪ್ಯೂಟರೇ ಹೆಸರು ನೋಡಿ ಅವರವರ ಪೆಟ್ಟಿಗೆಗೆ ಹಾಕುವಂತೆ ವೀರಬಸಪ್ಪನವರು ಏರ್ಪಾಟು ಮಾಡಿದ್ದರು. ಆದರೆ ಸಾವು, ಅಪಘಾತ, ಆಸ್ಪತ್ರೆ ಎಂಬರ್ಥದ ಇಂಗ್ಲಿಷ್ ಪದಗಳಿದ್ದರೆ ಅದು ಯಾರ ಪೆಟ್ಟಿಗೆಗೂ ಹೋಗದೆ ಹೆಸರಿಲ್ಲದ ಇನ್ನೊಂದರಲ್ಲಿ ನಿಲ್ಲುತ್ತಿತ್ತು. ಅವರು ಓದಿ, ಅಂಗಿ ಬದಲಿಸಿ, ತಾವೇ ಆ ಮನೆಗೆ ಹೋಗುತ್ತಿದ್ದರು.

"ಇಂಥದ್ದನ್ನ ಮನುಷ್ಯ ಹೋಗಿ ಹೇಳ್ಬೇಕವ್ವಾ," ಎಂದಿದ್ದರು ಒಮ್ಮೆ. "ಇದಕ್ಕೇನು, ಪದ ಕಂಡ್ರೆ ಹಿಡೀತೈತಿ. ಮೊನ್ನೆ ಒಬ್ಬ ಆಸ್ಪತ್ರೆ ಕ್ಯಾಂಟೀನ್ನಾಗೆ ಕೆಲ್ಸ ಸಿಕ್ತು ಅಂತ ಬರ್ದಿದ್ದ. ಪಾಪ, ಅದ್ನೂ ಹಿಡ್ಕಂಡು ಕೂತಿತ್ತು!"

ನಕ್ಕು, ನಗು ನಿಲ್ಲಿಸಿ ಹೇಳಿದ್ದರು: "ಆ ಪೆಟ್ಟಿಗೆ ಮಾತ್ರ ನೀ ತೆಗೀಬ್ಯಾಡ."

\*\*\*

ಬೆಳಿಗ್ಗೆ ಆ ಪೆಟ್ಟಿಗೆಯಲ್ಲಿ ಒಂದು ಮೇಲ್ ಬಂದಿತ್ತು. ಇನ್ನು ಅದನ್ನು ತೆರೆಯುವವರು ಯಾರೂ ಇಲ್ಲವೆಂದು ರೋಜಾ ತೆರೆದಿದ್ದಳು. ಏಳನೆಯ ತರಗತಿಗೇ ಶಾಲೆ ಬಿಟ್ಟವಳಿಗೆ ಎರಡೇ ಪದ ತಿಳಿದವು: ಲೋಕಪ್ಪನ ಹೆಸರು, ಆಸ್ಪತ್ರೆ. ಉಳಿದ ಇಂಗ್ಲಿಷ್ ಅರ್ಥವಾಗಲಿಲ್ಲ.

"ರೋಜಾ, ಆ ಡಬ್ಬಿ ಆಫ್ ಮಾಡು," ಎಂದ ಮಲ್ಲಿಕಾರ್ಜುನ್. "ನಾಳೆ ಲೈನ್ ಕೀಳಿಸ್ತೀನಿ."

ಅವಳು ಏಳಲಿಲ್ಲ. ಕೈಯಲ್ಲಿದ್ದ ಎಲೆ ಹರಿದುಹೋಯಿತು.

"ಯಾಕೆ ಹಿಂಗೆ ಎಲೆ ಹರೀತೀಯೆ?" ವರದಮ್ಮ ಅವಳ ಮಣಿಕಟ್ಟು ಹಿಡಿದಳು. "ನನ್ ಮುಖ ನೋಡಿ ಹೇಳು."

"ಒಂದು ಬಂದೈತಕ್ಕ. ಅದ್ರಾಗೆ ಲೋಕಪ್ಪಣ್ಣಾರ ಹೆಸರೈತಿ. ನಂಗೆ ಇಂಗ್ಲಿಷ್ ಓದಾಕೆ ಬರಲ್ಲ."

ವರದಮ್ಮ ಅಂಗಡಿಗೆ ನಡೆದಳು. ಪರದೆಯ ಮೇಲೆ ಸಾಲುಗಳು ಹಾಗೇ ಇದ್ದವು. ಅವಳು ಅವನ್ನು ಒಂದು ಗಳಿಗೆ ನೋಡಿ, ಬಾಗಿಲಿಗೆ ಬಂದು ಹೊರಗಿದ್ದವರನ್ನು ಕರೆದಳು. ಮಲ್ಲಿಕಾರ್ಜುನ್ ಹೊಸ್ತಿಲವರೆಗೆ ಬಂದ. ತೆರೆದಿರುವುದು ಅಪ್ಪನ ಆ ಹೆಸರಿಲ್ಲದ ಪೆಟ್ಟಿಗೆ ಎಂದು ಕಂಡು ಅಲ್ಲೇ ನಿಂತ. ಜಗಲಿಯಲ್ಲಿದ್ದ ಮೇಷ್ಟ್ರು ರಂಗಪ್ಪ ಹೊರಟುಹೋಗಲು ಚಪ್ಪಲಿ ಹುಡುಕತೊಡಗಿದರು. ಅಂಗಳದಲ್ಲಿ ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಕೈಗಳು ನಿಂತು, ಮತ್ತೆ ಸುತ್ತತೊಡಗಿದವು.

"ಇಂಗ್ಲಿಷ್ ಬರೋರು ಯಾರರ ಒಬ್ರು ಬಂದು, ಇದನ್ನ ಓದಿ ಹೇಳ್ರಿ," ಎಂದಳು ವರದಮ್ಮ.