ಕಿಟಕಿಯ ಪಕ್ಕದ ಹಲಗೆ

ದೊಡ್ಡಮನೆಯನ್ನು ಇಸಿಲ್ಡಾ ತಲೆಕೆಳಗಾಗಿಯೇ ಬಲ್ಲಳು. ನಲವತ್ತೊಂದು ವರ್ಷದಿಂದ ಅವಳ ಕೆಲಸ ಅಲ್ಲಿನ ನೆಲ ಉಜ್ಜುವುದು. ಮಂಡಿಯೂರಿ, ಅರ್ಧಕ್ಕೆ ಕೊಯ್ದ ತೆಂಗಿನಕಾಯಿಯ ಸಿಪ್ಪೆಯಲ್ಲಿ ಜೇನುಮೇಣ ತಿಕ್ಕಿದರೆ ಮರದ ಹಲಗೆಗಳು ಕೆರೆಯ ನೀರಿನ ಹಾಗೆ ತಿಳಿಯಾಗುತ್ತಿದ್ದವು. ಆ ನೀರೊಳಗೆ ಕಿಟಕಿಗಳು ತೇಲುತ್ತಿದ್ದವು, ಗಾಜಿನ ದೀಪಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತಿದ್ದವು, ಹಳೆಯ ಸಕ್ಕರೆ ದೊರೆಗಳ ಪಟಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅವರಿಗೆ ಹಾಗೇ ಆಗಬೇಕು. ಕಬ್ಬಿನ ತೋಟ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅದು ಮದುವೆಗೆ ಬಾಡಿಗೆ ಕೊಡುವ ಮನೆ. ಇಡೀ ಜಮೈಕಾದಲ್ಲಿ ಇಂಥ ನೆಲ ಇನ್ನೊಂದಿಲ್ಲವೆಂದು ಇಸಿಲ್ಡಾಳ ಜಂಬ.

ಪೂರ್ವದ ಕಿಟಕಿಯ ಪಕ್ಕದ ಹಲಗೆಯಲ್ಲಿ ಎರಡು ಕುಳಿಗಳಿದ್ದವು. ಅವಳ ಮಂಡಿಗಳು ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿದ್ದವು. ಅವಳಿಗೂ ಮೊದಲು ಅಲ್ಲಿ ಮಂಡಿಯೂರಿದವಳು ಅಜ್ಜಿ ಕೆತುರಾ, ಅವಳಿಗೂ ಮೊದಲು ಅವಳ ತಾಯಿ, ಅದಕ್ಕೂ ಹಿಂದೆ ಗುಲಾಮಗಿರಿಯಲ್ಲಿ ಹುಟ್ಟಿ ಗುಲಾಮಗಿರಿಯಲ್ಲೇ ಸತ್ತವರು. ಚಿಕ್ಕಂದಿನಲ್ಲಿ ಇಸಿಲ್ಡಾ ಅಜ್ಜಿಯ ಲಂಗ ಜಗ್ಗಿ "ಅಜ್ಜಿ, ಏಳೇ" ಅಂದರೆ, "ಇನ್ನೊಂದು ಹಲಗೆ ಇದೆ, ತಾಳು" ಅನ್ನುತ್ತಿದ್ದಳು ಕೆತುರಾ. ಆ ಇನ್ನೊಂದು ಹಲಗೆ ಯಾವತ್ತೂ ಮುಗಿಯಲಿಲ್ಲ. ಈಗಲೂ ಬೆಳಗಿನ ಬಿಸಿಲು ಬಿದ್ದಾಗ ಮೇಣದ ಹೊಳಪಿನೊಳಗೆ ಇಸಿಲ್ಡಾಳ ಮುಖದ ಪಕ್ಕದಲ್ಲಿ ಅಜ್ಜಿಯ ಮುಖ ಮೂಡುತ್ತಿತ್ತು. ಇಸಿಲ್ಡಾ ಹೆದರುತ್ತಿರಲಿಲ್ಲ; ಅಜ್ಜಿಗೆ ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು.

ಶನಿವಾರ ಮದುಮಗಳೊಬ್ಬಳ ಹಿಮ್ಮಡಿ ಆ ಕುಳಿಗೆ ಸಿಕ್ಕಿ, ಅವಳು ಹೂಗುಚ್ಛದ ಸಮೇತ ಬಿದ್ದಳು. ಸೋಮವಾರ ಮ್ಯಾನೇಜರ್ ಪಿನಕ್ ಬಡಗಿಯನ್ನು ಕರೆಸಿದ. ಬಂದವನು ಇಸಿಲ್ಡಾಳ ಅಣ್ಣನ ಮಗ ಲೆನ್‌ವರ್ತ್.

"ಹಲಗೆ ಕಿತ್ತು ಒಲೆಗೆ ಹಾಕು," ಎಂದು ಹೇಳಿ ಪಿನಕ್ ಹೊರಟುಹೋದ.

ಇಸಿಲ್ಡಾ ಬಗ್ಗಿ ಕುಳಿಗಳ ಮೇಲೆ ಕೈಯಿಟ್ಟಳು. ಅಜ್ಜಿಗೆ ಸಮಾಧಿಯೂ ಇರಲಿಲ್ಲ, ಪಟವೂ ಇರಲಿಲ್ಲ. ಇದ್ದದ್ದು ಇದೊಂದೇ.

ಮೊಳೆ ಕೀಳಲು ಲೆನ್‌ವರ್ತ್ ಮಂಡಿಯೂರಿದ. ಅವನ ಮಂಡಿಗಳು ಆ ಎರಡು ಕುಳಿಗಳಲ್ಲಿ ಸರಿಯಾಗಿ ಕೂತವು. "ಅತ್ತೆ, ಇದೇನಿದು? ನನಗೇ ಮಾಡಿಟ್ಟ ಹಾಗಿದೆಯಲ್ಲ!"

"ನಿಮ್ಮ ಮುತ್ತಜ್ಜಿ ಕಣೋ. ಅಷ್ಟು ಭಾರ ಬಿಡಬೇಡ, ಅವಳಿಗೆ ನೋಯುತ್ತೆ."

ಅವನು ಸುತ್ತಿಗೆ ಕೆಳಗಿಟ್ಟ. ಹಲಗೆಯ ಅಂಚು ತಡವಿ, "ಒಂದು ಕೆಲಸ ಮಾಡ್ಲಾ? ತಿರುವಿ ಹಾಕಿಬಿಡ್ತೀನಿ. ಕುಳಿ ಕೆಳಗೆ, ನುಣ್ಣಗಿರೋದು ಮೇಲೆ. ಅಜ್ಜಿ ಇಲ್ಲೇ ಇರ್ತಾಳೆ, ಯಾರಿಗೂ ಗೊತ್ತಾಗಲ್ಲ," ಎಂದ.

"ಯಾರಿಗೂ ಗೊತ್ತಾಗದ ಹಾಗೆ ಇನ್ನೂರು ವರ್ಷ ಇದ್ದದ್ದು ಸಾಲದಾ? ಇನ್ನೂ ಮುಖ ಕೆಳಗಾಗಿ ಮಲಗಿಸ್ತೀಯಾ? ಜೋಪಾನವಾಗಿ ಕೀಳು. ಮನೆಗೆ ಹೋಗೋಣ."

ಪಿನಕ್‌ನ ಮುಂದೆ ನಿಂತು ಅವಳು ಹಲಗೆಯನ್ನು ಕೇಳಿದಳು. ಅಷ್ಟು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ. "ಸೌದೆ ತಾನೇ, ಮಿಸ್ ಇಸಿಲ್ಡಾ, ತಗೊಂಡು ಹೋಗಿ," ಎಂದು ನಕ್ಕ ಅವನು.

ಬೇರುಹಲಸಿನ ಮರದ ಕೆಳಗಿನ ಅವಳ ಪುಟ್ಟ ಮನೆಗೆ ಇಬ್ಬರೂ ಹಲಗೆ ಹೊತ್ತು ತಂದರು. "ನೆಲದಲ್ಲಿ ಎಲ್ಲಿ ಹಾಕ್ಲಿ ಅತ್ತೆ?" ಎಂದ ಲೆನ್‌ವರ್ತ್.

"ನೆಲಕ್ಕೆ ಬೇಡ. ಗೋಡೆಗೆ ನಿಲ್ಲಿಸಿ ಮೊಳೆ ಹೊಡಿ."

ಅವನು ಹೊಡೆದ. ಎರಡು ಕುಳಿಗಳೂ ಸರಿಯಾಗಿ ಅವಳ ಮುಖದ ಎತ್ತರಕ್ಕೆ ಬಂದವು. ಸಂಜೆಬಿಸಿಲು ಬಾಗಿಲಿನಿಂದ ಬಂದು ಮೇಣದ ಮೇಲೆ ನಿಂತಿತು. ಬಾಗದೆ, ಮಂಡಿಯೂರದೆ, ಇಸಿಲ್ಡಾ ಮೊದಲ ಸಲ ಅಜ್ಜಿಯನ್ನು ಎದುರಾಬದುರಾಗಿ ನೋಡಿದಳು. ಅವಳಿಗೆ ಅಳು ಬಂತು. ಕೈ ಮಾತ್ರ ಅಭ್ಯಾಸಬಲದಿಂದ ಹಲಗೆಯನ್ನು ಸವರುತ್ತಲೇ ಇತ್ತು.

"ಎದ್ದೆಯಲ್ಲ ಅಜ್ಜಿ," ಎಂದಳು. "ಇನ್ನು ಹಲಗೆ ಇಲ್ಲ."