ಮ್ಯೂಸಿಯಂ ಓಣಿಯಲ್ಲಿ ಒಂದು ರಾತ್ರಿ

ಹರಾರ್ ಊರಿನ ಮ್ಯೂಸಿಯಂ ಈಗಿರುವ ಮನೆಗೆ ನನ್ನ ಸೋದರತ್ತೆ ಕಿಮಿಯಾ ಸೊಸೆಯಾಗಿ ಬಂದವಳು. ಮಾವನ ಅಣ್ಣಂದಿರು ಅದನ್ನು ಪುರಸಭೆಗೆ ಮಾರಿ ಬಹಳ ವರ್ಷವಾಯಿತು. ಅದಕ್ಕೂ ಮೊದಲೇ ಅತ್ತೆ ಮತ್ತು ಅಬ್ದುಸಮದ್ ಮಾವ ಅಡಿಸ್ ಅಬಾಬಾಕ್ಕೆ ಹೋಗಿ ಬಟ್ಟೆ ಅಂಗಡಿ ಹಾಕಿದ್ದರು. ಮೊನ್ನೆ ಬಂದಾಗ ಅತ್ತೆ ಹಟ ಹಿಡಿದಳು. ಹಳೇ ಊರಿನ ಕೋಟೆಯ ಹೊರಗಿರುವ ನನ್ನ ಮನೆ ಬೇಡ, ಮ್ಯೂಸಿಯಂ ಪಕ್ಕದಲ್ಲೇ ಒಂದು ರಾತ್ರಿ ಮಲಗಬೇಕು.

ನಮ್ಮಲ್ಲಿ ಹೊಸ ಜೋಡಿ ಮದುವೆಯ ವಾರವನ್ನು ಕೀರ್ತಾತ್ ಎಂಬ ಕಿರುಕೋಣೆಯಲ್ಲೇ ಕಳೆಯಬೇಕು. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ. ಆ ವಾರ ಅತ್ತೆಗೆ ಹೊರಗಿನ ಲೋಕವೆಂದರೆ ಪಕ್ಕದ ಸಣ್ಣ ಮಸೀದಿಯ ಬೆಳಗಿನ ಬಾಂಗ್ ಮಾತ್ರ. ಆ ಮಸೀದಿಯಲ್ಲಿ ಇವತ್ತಿಗೂ ಧ್ವನಿವರ್ಧಕವಿಲ್ಲ, ಕೂಗು ಎರಡು ಓಣಿ ದಾಟುವುದಿಲ್ಲ. ಸಾಯುವ ಮುಂಚೆ ಅದನ್ನು ಮಲಗಿದಲ್ಲಿಂದ ಇನ್ನೊಮ್ಮೆ ಕೇಳಬೇಕೆಂಬುದು ಅತ್ತೆಯ ಆಸೆ. ಆದರೆ ಮರುದಿನವೇ ಅವರ ಬಸ್ಸು.

ಸಂಜೆ ಬಜಾಜ್ ಆಟೋದಲ್ಲಿ ಕೋಟೆಬಾಗಿಲವರೆಗೆ ಹೋಗಿ, ಅಲ್ಲಿಂದ ನಡೆದೆವು. ಮ್ಯೂಸಿಯಂ ಸುತ್ತ ಪ್ರವಾಸಿಗರಿಗೆ ಕೋಣೆ ಕೊಡುವ ಹಳೇ ಮನೆಗಳು ಬೇಕಾದಷ್ಟಿವೆ. ಮೊದಲನೆಯ ಮನೆಯ ಅಂಗಳದಿಂದ ಮಾವ ಒಳಗೆ ಇಣುಕಿ ಹಿಂದೆ ಸರಿದರು.

"ಇದು ಬೇಡ."

ಎರಡನೆಯದಕ್ಕೂ ಅದೇ ಮಾತು. ಮೂರನೆಯ ಮನೆಯವರು ಹೊರಗೆ ಬಂದು "ಬನ್ನಿ, ಬನ್ನಿ" ಎಂದರೂ ಮಾವ ತಲೆ ತಗ್ಗಿಸಿಕೊಂಡು ಓಣಿಗೆ ಇಳಿದುಬಿಟ್ಟರು. ಅತ್ತೆ ಮಂಡಿ ಹಿಡಿದುಕೊಂಡು ಮಸಾಲೆ ಅಂಗಡಿಯ ಜಗಲಿಯ ಮೇಲೆ ಕೂತಳು.

"ಏನ್ರೀ, ಅರಮನೆ ಹುಡುಕ್ತಿದೀರಾ? ನನಗೆ ಕಾಲು ಬರ್ತಿಲ್ಲ."

"ಬಾಡಿಗೆ ಜಾಸ್ತಿ ಅಂತಾನಾ, ಮಾವ? ನಾನು ಮಾತಾಡ್ತೀನಿ" ಎಂದೆ.

"ಬಾಡಿಗೆ ಯಾರು ಕೇಳಿದ್ರೋ, ಮೆಹ್ದಿ? ನಿಂಗೆ ಕಣ್ಣಿಲ್ವಾ? ಬಾಗಿಲ ಮೇಲೆ ಜಮಖಾನ ಸುತ್ತಿಟ್ಟಿದಾರೆ. ಅಂದ್ರೆ ಮೂರು ಮನೇಲೂ ಮದುವೆಗಿರೋ ಹೆಣ್ಣುಮಕ್ಕಳು. ಪರಿಚಯ ಇಲ್ಲದ ಗಂಡಸು ಹೋಗಿ 'ಮಲಗೋಕೆ ಜಾಗ ಕೊಡಿ' ಅಂತ ಕೇಳಕಾಗತ್ತಾ?"

ನಾನು ದಿನಾ ಆ ಓಣಿಯಲ್ಲಿ ಓಡಾಡುವವನು. ಆ ಜಮಖಾನಗಳಿಗೆ ಅಂಥದೊಂದು ಅರ್ಥವಿದೆ ಎಂಬುದೇ ಮರೆತುಹೋಗಿತ್ತು. ನಾಲ್ಕನೆಯ ಮನೆಯ ಒಡತಿ ನೆಜಾತ್ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಜ್ಜಾ, ಅದು ಪ್ರವಾಸಿಗರ ಫೋಟೋಕ್ಕೆ! ನನ್ನ ಮಗಳಿಗೆ ಎರಡು ಮಕ್ಕಳಾಗಿದಾವೆ. ಪಕ್ಕದ ಮನೇಲಿ ಹುಡುಗೀನೇ ಇಲ್ಲ, ಮೂರೂ ಗಂಡು."

"ಮತ್ಯಾಕೆ ಇಟ್ಟಿದೀಯಾ? ನಾಳೆ ಯಾರಾದ್ರೂ ಹೆಣ್ಣು ಕೇಳ್ಕೊಂಡು ಬಂದ್ರೆ?"

"ಬರ್ಲಿ ಬಿಡಿ. ಕಾಫಿ ಕೊಟ್ಟು ರೂಮು ತೋರಿಸ್ತೀನಿ."

ಅತ್ತೆ ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮಾವ ನಗಲಿಲ್ಲ. ಆ ಸುರುಳಿಯನ್ನೇ ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದರು.

ನೆಜಾತಳ ದೊಡ್ಡ ಕೋಣೆಗಳು ಭರ್ತಿಯಾಗಿದ್ದವು. ಉಳಿದಿದ್ದುದು ಆ ಮನೆಯ ಕೀರ್ತಾತ್ ಒಂದೇ.

"ತಲೆ ತಗಲತ್ತೆ ಅಂತ ಯಾರೂ ತಗೊಳಲ್ಲ. ಕಿಟಕೀನೂ ಇಲ್ಲ" ಎಂದಳು.

ಅತ್ತೆ ಗಂಡನ ಕಡೆ ನೋಡಿದಳು. ಮಾವ ಕೆಮ್ಮಿ, "ನಡಿಯತ್ತೆ" ಎಂದರು. ಆ ಕೋಣೆಯ ಹಿಂದಿನ ಗೋಡೆಯ ಆಚೆಗೇ ಮ್ಯೂಸಿಯಂ. ನೆಜಾತ್ ತಮಾಷೆಗೆ ಊಟವನ್ನು ಕಿಂಡಿಯಿಂದಲೇ ಕೊಟ್ಟಳು.

"ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು" ಎಂದು ಬೈಯುತ್ತಲೇ ಅತ್ತೆ ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡಳು.

ಬೆಳಿಗ್ಗೆ ಬಸ್ಸಿಗೆ ಕರೆದೊಯ್ಯಲು ನಾನು ಹೋದಾಗ ಒಳಗೆ ಜಗಳ ನಡೆದಿತ್ತು.

"ಬಾಂಗ್ ಮುಗಿದ ಮೇಲೆ ಎಬ್ಬಿಸಿದಾರೆ, ಮೆಹ್ದಿ! ಅಷ್ಟು ದೂರದಿಂದ ಬಂದಿದ್ದು ಯಾತಕ್ಕೆ?"

"ಕರೆದೆ. ನೀನು ಆ ಕಡೆ ಹೊರಳ್ಕೊಂಡೆ."

"ಆ ವಾರ ಪೂರ್ತಿ ದಿನಾ ಕೇಳಿದೋಳು ನಾನು. ನನಗೆ ಎಚ್ಚರ ಆಗ್ತಿರಲಿಲ್ವಾ?"

"ನೀನೆಲ್ಲಿ ಕೇಳಿದೆ?" ಎಂದರು ಮಾವ. "ಮದುವೆ ಮನೆ ಸುಸ್ತು, ಒಂದು ದಿನಾನೂ ಏಳಲಿಲ್ಲ. ಎದ್ದಮೇಲೆ 'ಇವತ್ತು ಮುದುಕನ ದನಿ ಒಡೆದಿತ್ತು', 'ಇವತ್ತು ಮಳೇಲಿ ಕೂಗ್ದ' ಅಂತ ನಾನೇ ಹೇಳ್ತಿದ್ದೆ. ನೀನು ಹೂಂ ಹೂಂ ಅಂತಿದ್ದೆ."

ಅತ್ತೆ ಏನೋ ನೆನಪಿಸಿಕೊಳ್ಳಲು ನೋಡಿದಂತೆ ಗೋಡೆಯತ್ತ ತಿರುಗಿದಳು. ಅವಳ ಮುಖದಲ್ಲಿ ಮೊದಲು ಸಿಟ್ಟಿತ್ತು, ಆಮೇಲೆ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮತ್ತೆ ಇಷ್ಟು ವರ್ಷ ನಾನು ಎಲ್ಲರಿಗೂ ಹೇಳ್ಕೊಂಡು ಬಂದಿದ್ದು?"

"ಸರಿಯಾಗೇ ಹೇಳ್ತಿದ್ದೆ. ನಾನು ಹೇಳಿಕೊಟ್ಟ ಹಾಗೇ."

"ಇವತ್ತು ಹೇಗಿತ್ತು?"

"ಹುಡುಗ ಯಾರೋ ಹೊಸಬ. ಆತುರ ಜಾಸ್ತಿ."

ನಾನು ಕೈಗಡಿಯಾರ ನೋಡಿಕೊಂಡೆ. ಅತ್ತೆ ನನ್ನನ್ನು ದಾಟಿಕೊಂಡು ಅಂಗಳಕ್ಕೆ ಹೋಗಿ ಕೂಗಿದಳು.

"ನೆಜಾತ್, ಆ ಕೋಣೆ ಇವತ್ತೂ ನಮಗೇ ಇರ್ಲಿ. ಬಸ್ಸು ನಾಳೆನೂ ಇರತ್ತೆ. ರೀ, ರಾತ್ರಿ ನೀವು ಮಲಗಿ. ಎಬ್ಬಿಸೋದು ನಾನು."